ಅಡಗಿಸಿ ಒಯ್ಯಲು ಸಣ್ಣ ಮ್ಯಾಗ್ನಮ್ ರಿವಾಲ್ವರ್: ಯಾವುದನ್ನು ಆರಿಸಬೇಕು?

ತುಂಗಾತೀರ (ಪ್ಲೇನೋ, ಟೆಕ್ಸಾಸ್)

ನಾನು ಡಲ್ಲಾಸ್ ಸಮೀಪ ಔಷಧದ ಅಂಗಡಿಯೊಂದನ್ನು ನಡೆಸುತ್ತೇನೆ. ರಾತ್ರಿ ಬಾಗಿಲು ಹಾಕಿ ಹೊರಡುವ ಹೊತ್ತಿಗೆ ಪಾರ್ಕಿಂಗ್ ಜಾಗದಲ್ಲಿ ಬಹುತೇಕ ನಾನೊಬ್ಬನೇ ಉಳಿದಿರುತ್ತೇನೆ. ಗ್ರೀನ್ ಕಾರ್ಡ್ ಬಂದ ನಂತರ ತರಬೇತಿ ಪಡೆದು ರಾಜ್ಯದ ಲೈಸೆನ್ಸ್ ಮಾಡಿಸಿಕೊಂಡಿದ್ದೇನೆ. ಎಡಗೈ ಮಣಿಕಟ್ಟಿಗೆ ಹಿಂದೆ ಬಿದ್ದ ಪೆಟ್ಟಿನಿಂದಾಗಿ ಪಿಸ್ತೂಲಿನ ಸ್ಲೈಡ್ (ಮೇಲಿನ ಜಾರುವ ಭಾಗ) ಎಳೆಯುವುದು ಕಷ್ಟವಾಗುತ್ತದೆ, ಆದ್ದರಿಂದ ರಿವಾಲ್ವರನ್ನೇ ಕೊಳ್ಳಬೇಕೆಂದಿದ್ದೇನೆ. ನೋಡಿರುವವು ನಾಲ್ಕು, ನಾಲ್ಕೂ ಐದು ಗುಂಡು ಹಿಡಿಯುವ, ಹೆಚ್ಚು ಶಕ್ತಿಯ ತೋಟೆ ಹಾರಿಸುವ .357 ಮ್ಯಾಗ್ನಮ್‌ಗಳು: 12 ಔನ್ಸಿಗೂ ಕಡಿಮೆ ತೂಗುವ ಸ್ಮಿತ್ ಅಂಡ್ ವೆಸನ್ 340 ಪಿಡಿ, ಸುಮಾರು 17 ಔನ್ಸಿನ ರೂಗರ್ ಎಲ್‌ಸಿಆರ್, 22 ಔನ್ಸಿನ ಸ್ಮಿತ್ ಅಂಡ್ ವೆಸನ್ 640, ಮತ್ತು 26 ಔನ್ಸಿನ ರೂಗರ್ ಎಸ್‌ಪಿ 101. ದಿನವಿಡೀ ಮೈಮೇಲೆ ಇರಬೇಕಾದ ವಸ್ತು ಹಗುರವಾಗಿರಬೇಕೆಂದು ಹೇಳಿ ಅಂಗಡಿಯವರು 340 ಪಿಡಿಯನ್ನೇ ಮುಂದಿಡುತ್ತಿದ್ದಾರೆ. ಬಳಸಿ ಬಲ್ಲವರು ಏನನ್ನುತ್ತೀರಿ?

ಕೋವಿಮನೆ (ಹ್ಯೂಸ್ಟನ್)

ಕೊಡಗಿನ ಮನೆಯಲ್ಲಿ ಕೋವಿಗಳ ನಡುವೆ ಬೆಳೆದವನಾಗಿ, ಇಲ್ಲಿ ಹೊಸಬರಿಗೆ ಗುಂಡು ಹಾರಿಸುವ ರೇಂಜಿನಲ್ಲಿ ಹೇಳಿಕೊಡುವವನಾಗಿ ಒಂದು ಮಾತು ಹೇಳುತ್ತೇನೆ. ತೂಕವನ್ನು ತಕ್ಕಡಿಯಲ್ಲಿ ನೋಡಿ ಕೊಳ್ಳಬೇಡಿ, ಒದೆತವನ್ನು ಕೈಯಲ್ಲಿ ನೋಡಿ ಕೊಳ್ಳಿ. ಒಂದೇ ಗುಂಡನ್ನು ಎರಡು ರಿವಾಲ್ವರ್‌ಗಳಿಂದ ಹಾರಿಸಿದಾಗ ಕೈಗೆ ಬರುವ ಒದೆತದ ಶಕ್ತಿ ಆಯುಧದ ತೂಕಕ್ಕೆ ವಿಲೋಮವಾಗಿರುತ್ತದೆ, ಅಂದರೆ ಎಸ್‌ಪಿ 101 ಕೊಡುವ ಒದೆತದ ಎರಡು ಪಟ್ಟಿಗೂ ಹೆಚ್ಚನ್ನು 340 ಪಿಡಿ ಕೊಡುತ್ತದೆ. ಪೂರ್ಣ ಶಕ್ತಿಯ ಮ್ಯಾಗ್ನಮ್ ತುಂಬಿ ಅದನ್ನು ಹಾರಿಸಿದ ಬಹುಪಾಲು ಜನ ಮೊದಲ ಸುತ್ತು ಮುಗಿಯುವುದರೊಳಗೆ ಕೆಳಗಿಡುವುದನ್ನು ನೋಡಿದ್ದೇನೆ. ಆಮೇಲೆ ಅವರು ಅಭ್ಯಾಸವನ್ನೇ ಬಿಡುತ್ತಾರೆ.

ಅಂಗಡಿಯವರು ಹೇಳದ ಇನ್ನೊಂದು ಸಂಗತಿಯಿದೆ. 340 ಪಿಡಿಯ ನಳಿಕೆಯ ಮೇಲೆಯೇ, 120 ಗ್ರೇನ್‌ಗಿಂತ ಕಡಿಮೆ ತೂಕದ ಮ್ಯಾಗ್ನಮ್ ಗುಂಡುಗಳನ್ನು (ಗ್ರೇನ್ ಎಂದರೆ ಗುಂಡಿನ ತೂಕದ ಅಳತೆ, ಒಂದು ಗ್ರಾಮಿಗೆ ಸುಮಾರು 15) ಬಳಸಬಾರದೆಂದು ಕಂಪನಿ ಬರೆದಿರುತ್ತದೆ, ಗುಂಡುಗಳು ಕೂರುವ ಟೈಟಾನಿಯಂ ಸಿಲಿಂಡರ್ ಬೇಗ ಸವೆಯದಿರಲೆಂದು. ಇದಲ್ಲದೆ, ಇಷ್ಟು ಹಗುರವಾದ ಆಯುಧ ಹಿಂದಕ್ಕೆ ಹಾರುವ ರಭಸಕ್ಕೆ, ಇನ್ನೂ ಹಾರದೆ ಸಿಲಿಂಡರಿನಲ್ಲಿ ಉಳಿದಿರುವ ತೋಟೆಗಳಲ್ಲಿ ಗುಂಡು ತನ್ನ ಕವಚದಿಂದ ಸಡಿಲಗೊಂಡು ಮುಂದಕ್ಕೆ ಜಾರುತ್ತದೆ. ಹಾಗೆ ಹೊರಚಾಚಿದ ಗುಂಡಿನ ಮೂತಿ ಚೌಕಟ್ಟಿಗೆ ತಗುಲಿದರೆ ಸಿಲಿಂಡರ್ ತಿರುಗುವುದೇ ಇಲ್ಲ. ರಿವಾಲ್ವರ್ ಎಂದರೆ ಸಿಕ್ಕಿಕೊಳ್ಳದ ಆಯುಧ ಎಂಬ ನಂಬಿಕೆಯ ಮೇಲೆ ಕೊಂಡವರಿಗೆ ಆ ಘಳಿಗೆಯಲ್ಲಿ ಸುತ್ತಿಗೆಯ ಹೊರತು ಬೇರೆ ಪರಿಹಾರವಿರುವುದಿಲ್ಲ. ನನ್ನ ಮತ 640ಕ್ಕೆ. ಕೈ ದೊಡ್ಡದಿದ್ದರೆ ಎಸ್‌ಪಿ 101ಕ್ಕೆ.

ಬಯಲುಸೀಮೆ (ಫೀನಿಕ್ಸ್)

ಕೋವಿಮನೆಯವರ ಭೌತಶಾಸ್ತ್ರ ಸರಿಯಾಗಿದೆ, ಆದರೆ ಅವರ ಲೆಕ್ಕದಲ್ಲಿ ಫೀನಿಕ್ಸಿನ ಜುಲೈ ತಿಂಗಳು ಸೇರಿಲ್ಲ. ತೆಳು ಬಟ್ಟೆ ತೊಟ್ಟು, ಪ್ಯಾಂಟಿನ ಮುಂಜೇಬಿನಲ್ಲಿ ಹೋಲ್‌ಸ್ಟರ್ (ಆಯುಧದ ಒರೆ) ಸಹಿತ ಆಯುಧವನ್ನು ಇಟ್ಟುಕೊಳ್ಳುವವನಿಗೆ 26 ಔನ್ಸಿನ ಉಕ್ಕು ಜೇಬನ್ನು ಜೋತಾಡಿಸಿ, ಒಳಗೇನಿದೆ ಎಂಬುದನ್ನು ನೋಡುವವರಿಗೆಲ್ಲ ಹೇಳಿಬಿಡುತ್ತದೆ. ಮೊದಮೊದಲು ಉತ್ಸಾಹದಿಂದ ಸೊಂಟಕ್ಕೆ ಕಟ್ಟಿಕೊಂಡು ತಿರುಗಿ, ಕ್ರಮೇಣ ಅದನ್ನು ಮೇಜಿನ ಡ್ರಾಯರಿನಲ್ಲೇ ಬಿಟ್ಟು ಹೊರಡುವವರು ನನ್ನ ಪರಿಚಯದಲ್ಲೇ ಹಲವರಿದ್ದಾರೆ. ಒಯ್ಯದ ಎಸ್‌ಪಿ 101ಕ್ಕಿಂತ ಒಯ್ದ 340 ಪಿಡಿ ಮೇಲಲ್ಲವೇ? ಅದರಲ್ಲಿ ಮ್ಯಾಗ್ನಮ್ಮನ್ನೇ ಹಾರಿಸಬೇಕೆಂಬ ಕಟ್ಟಳೆಯೂ ಇಲ್ಲ.

ರೇವತಿ (ಆಸ್ಟಿನ್)

ಕೊನೆಯ ವಾಕ್ಯದಲ್ಲಿ ಬಯಲುಸೀಮೆಯವರು ಜಾರಿಸಿಬಿಟ್ಟ ಮಾತಿನಲ್ಲಿಯೇ ಈ ಚರ್ಚೆಯ ತಿರುಳಿದೆ ಎಂದು ನನಗನ್ನಿಸುತ್ತದೆ. .357 ಮ್ಯಾಗ್ನಮ್ 1935ರಲ್ಲಿ ಬಂದಾಗ ಅದು ಹಳೆಯ .38 ಸ್ಪೆಷಲ್‌ನ ಕವಚವನ್ನೇ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಉದ್ದ ಮಾಡಿ, ಹೆಚ್ಚು ಒತ್ತಡಕ್ಕೆ ಹೊಂದಿಸಿದ ತೋಟೆಯಾಗಿತ್ತು. ಹೆಚ್ಚಿನ ಉದ್ದದ ಉದ್ದೇಶವೇ ಅದು .38ರ ದುರ್ಬಲ ರಿವಾಲ್ವರ್‌ಗಳೊಳಗೆ ಕೂರದಿರಲಿ ಎಂಬುದು. ಅದೇ ಕಾರಣದಿಂದ ಮ್ಯಾಗ್ನಮ್ ರಿವಾಲ್ವರಿನಲ್ಲಿ .38ನ್ನು ನಿಶ್ಚಿಂತೆಯಿಂದ ಹಾರಿಸಬಹುದು. ಆಗ ಬಂದ ಮೊದಲ ಮ್ಯಾಗ್ನಮ್‌ಗಳು ಉದ್ದ ನಳಿಕೆಯ, ಭಾರವಾದ ಚೌಕಟ್ಟಿನ ಆಯುಧಗಳು. ಎರಡು ಇಂಚಿನ ನಳಿಕೆಯನ್ನು ಯಾರೂ ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ.

ಎರಡು ಇಂಚಿನಲ್ಲಿ ಮದ್ದು ಪೂರ್ತಿ ಉರಿಯುವಷ್ಟು ದಾರಿಯೇ ಇರುವುದಿಲ್ಲ. ನಾಲ್ಕು ಇಂಚಿನ ನಳಿಕೆಯಿಂದ ಸೆಕೆಂಡಿಗೆ ಸುಮಾರು 1,450 ಅಡಿ ವೇಗದಲ್ಲಿ ಹೊರಡುವ 125 ಗ್ರೇನ್ ಗುಂಡು ಇಲ್ಲಿ 200 ಅಡಿಗೂ ಹೆಚ್ಚನ್ನು ಕಳೆದುಕೊಳ್ಳುವುದು ಸಾಮಾನ್ಯ. ಉಳಿದ ಮದ್ದು ನಳಿಕೆಯ ಹೊರಗೆ ಬೆಂಕಿಯ ಉಂಡೆಯಾಗಿ, ಸದ್ದಾಗಿ ವ್ಯರ್ಥವಾಗುತ್ತದೆ. ಆ ಸದ್ದು 160 ಡೆಸಿಬೆಲ್‌ಗೂ ಮೇಲಿರುತ್ತದೆ, ಕ್ಷಣಿಕ ಶಬ್ದದಿಂದ ಕಿವಿಗೆ ಹಾನಿಯಾಗುವ ಮಿತಿಯಾದರೋ 140. ಕಾರಿನೊಳಗಿನಿಂದಲೋ, ಔಷಧದ ಅಂಗಡಿಯ ಇಕ್ಕಟ್ಟಾದ ಹಿಂಬದಿಯ ಕೋಣೆಯಲ್ಲೋ ಅದನ್ನು ಹಾರಿಸುವುದು ಹೇಗಿರುತ್ತದೆ ಎಂಬುದನ್ನು ತುಂಗಾತೀರ ಅವರು ಒಮ್ಮೆ ಊಹಿಸಿಕೊಳ್ಳಲಿ.

ಸಣ್ಣ ನಳಿಕೆಗೆಂದೇ ರೂಪಿಸಿದ ತೋಟೆಗಳನ್ನು ಹೋಲಿಸಿದರೆ ವ್ಯತ್ಯಾಸ ಇನ್ನೂ ಕಿರಿದಾಗುತ್ತದೆ. ಸ್ಪೀಯರ್ ಕಂಪನಿಯ 135 ಗ್ರೇನ್‌ನ ಗೋಲ್ಡ್ ಡಾಟ್ ಗುಂಡು .38 ಪ್ಲಸ್ ಪಿ (ಮಾಮೂಲಿಗಿಂತ ಹೆಚ್ಚು ಒತ್ತಡದ .38) ರೂಪದಲ್ಲಿ ಎರಡು ಇಂಚಿನ ನಳಿಕೆಯಿಂದ ಸೆಕೆಂಡಿಗೆ 860 ಅಡಿಯಂತೆ ಹೊರಡುತ್ತದೆಂದು ಕಂಪನಿ ಹೇಳುತ್ತದೆ. ಅಷ್ಟೇ ತೂಕದ ಅವರ ಗಿಡ್ಡ ನಳಿಕೆಯ .357ಕ್ಕೆ ಕೊಟ್ಟಿರುವ ವೇಗ 990 ಅಡಿ. ಈ 130 ಅಡಿಗಾಗಿ ಎರಡನೆಯ ಮತ್ತು ಮೂರನೆಯ ಗುಂಡುಗಳ ಗುರಿಯನ್ನು ಬಿಟ್ಟುಕೊಡಲು ನಾನಂತೂ ಸಿದ್ಧಳಿಲ್ಲ. ನನ್ನ ಬಳಿಯಿರುವುದು ಎಲ್‌ಸಿಆರ್‌ನ .357 ಮಾದರಿ, ಅದರಲ್ಲಿ ತುಂಬುವುದು .38 ಪ್ಲಸ್ ಪಿ ಮಾತ್ರ.

ಹಳೇಮೈಸೂರು (ಎಡಿಸನ್, ನ್ಯೂಜೆರ್ಸಿ)

ಹಾಗಿದ್ದರೆ ಮ್ಯಾಗ್ನಮ್ಮಿಗೆ ಹೆಚ್ಚು ಹಣ ತೆರುವುದೇಕೆ? ಸ್ಮಿತ್ ಅಂಡ್ ವೆಸನ್ 642 ಬರೀ .38, ತೂಕ 15 ಔನ್ಸಿನೊಳಗೆ, ಬೆಲೆಯೂ ಕಡಿಮೆ. ತುಂಬುವುದು .38 ಎಂದು ಮೊದಲೇ ತೀರ್ಮಾನಿಸಿದವರು ನಳಿಕೆಯ ಮೇಲಿನ ‘ಮ್ಯಾಗ್ನಮ್’ ಎಂಬ ಕೆತ್ತನೆಗೆ ದುಡ್ಡು ಕೊಡುತ್ತಿದ್ದಾರೆ ಎನ್ನಬೇಕಾಗುತ್ತದೆ.

ಎರಡನೆಯದಾಗಿ, ಇದನ್ನು ಓದುತ್ತಿರುವ ಎಚ್-1ಬಿ ವೀಸಾದವರಿಗೆ ಒಂದು ಎಚ್ಚರಿಕೆ. ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕನ್ನಾಗಲಿ ಗುಂಡನ್ನಾಗಲಿ ಹೊಂದುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯಿದೆ ನಿಜ, ಆದರೆ ವಕೀಲರ ಬಳಿ ಮಾತನಾಡದೆ ಅದನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸ್ ಇಲ್ಲದೆಯೇ ಒಯ್ಯಬಹುದಂತೆ ಎಂದು ಕೇಳಿ ಅಂಗಡಿಗೆ ಹೊರಡುವವರಿಗೂ ಈ ಫೆಡರಲ್ ನಿಷೇಧ ಅನ್ವಯಿಸುತ್ತದೆ.

ಕೋವಿಮನೆ (ಹ್ಯೂಸ್ಟನ್)

ಹಳೇಮೈಸೂರು ಅವರ ಪ್ರಶ್ನೆ ನ್ಯಾಯವಾದದ್ದು. ಉತ್ತರ ಚೌಕಟ್ಟಿನಲ್ಲಿದೆ. 642ರ ಚೌಕಟ್ಟು ಅಲ್ಯೂಮಿನಿಯಂ, 640ರದ್ದು ಸ್ಟೇನ್‌ಲೆಸ್ ಉಕ್ಕು. ಉಕ್ಕಿನ ಚೌಕಟ್ಟಿನ ಸಣ್ಣ ರಿವಾಲ್ವರ್ ಬೇಕೆಂದು ಇಂದು ಹೊಸದನ್ನು ಹುಡುಕಿದರೆ ಸಿಗುವುದರಲ್ಲಿ ಹೆಚ್ಚಿನವು .357ಕ್ಕೆ ಕೊರೆದವೇ ಆಗಿರುತ್ತವೆ. ಆದ್ದರಿಂದ ನಾನು ದುಡ್ಡು ಕೊಡುವುದು ಏಳೆಂಟು ಔನ್ಸ್ ಹೆಚ್ಚಿನ ಉಕ್ಕಿಗೆ. ಆ ಉಕ್ಕು .38 ಪ್ಲಸ್ ಪಿ ಗುಂಡಿನ ಒದೆತವನ್ನು ನುಂಗಿಕೊಳ್ಳುವುದರಿಂದ ಒಂದು ಪೆಟ್ಟಿಗೆ ಗುಂಡನ್ನು ಒಂದೇ ಕೂರುವಿಕೆಯಲ್ಲಿ ನೋವಿಲ್ಲದೆ ಮುಗಿಸಬಹುದು.

ಇದರಲ್ಲಿ ಒಂದು ಶಿಸ್ತು ಬೇಕು. ಮ್ಯಾಗ್ನಮ್ ಸಿಲಿಂಡರಿನಲ್ಲಿ ಸದಾ .38ನ್ನೇ ಹಾರಿಸುತ್ತಿದ್ದರೆ, ಗಿಡ್ಡ ಕವಚದ ಬಾಯಿ ಮುಗಿಯುವ ಕಡೆ ಮಸಿಯ ಉಂಗುರವೊಂದು ಕಟ್ಟಿಕೊಳ್ಳುತ್ತದೆ. ಅದನ್ನು ಹಿತ್ತಾಳೆ ಬ್ರಷ್ಷಿನಿಂದ ತೆಗೆಯದೆ ಒಂದು ದಿನ .357 ತುಂಬಿದರೆ ಕವಚ ಒಳಗೇ ಕಚ್ಚಿಕೊಂಡು ಹೊರಬರಲು ಹಟ ಮಾಡುತ್ತದೆ.

ಬಯಲುಸೀಮೆ (ಫೀನಿಕ್ಸ್)

ಎಲ್ಲರೂ ಮ್ಯಾಗ್ನಮ್ಮನ್ನು ಹೀಗೆ ಮೂಲೆಗೆ ಸರಿಸುತ್ತಿರುವುದು ನನಗೆ ಒಪ್ಪಿಗೆಯಿಲ್ಲ. ಗಿಡ್ಡ ನಳಿಕೆಯ .38ರಿಂದ ಹೊರಟ ಟೊಳ್ಳು ತುದಿಯ (ದೇಹದೊಳಗೆ ಅರಳಲೆಂದು ಮಾಡಿದ) ಗುಂಡುಗಳಲ್ಲಿ ಅನೇಕವು ದಪ್ಪ ಬಟ್ಟೆಯನ್ನು ದಾಟುವಾಗ ತುದಿ ಮುಚ್ಚಿಹೋಗಿ ಅರಳುವುದೇ ಇಲ್ಲ, ಅರಳಿದವುಗಳಲ್ಲಿ ಕೆಲವು ಎಫ್‌ಬಿಐ ಕೇಳುವ 12ರಿಂದ 18 ಇಂಚಿನ ಆಳವನ್ನು ಜೆಲ್ ಪರೀಕ್ಷೆಯಲ್ಲಿ (ಮಾಂಸದ ಬದಲಿಗೆ ಜೆಲಟಿನ್ ಗಟ್ಟಿಗೆ ಹಾರಿಸಿ ನೋಡುವುದು) ಮುಟ್ಟುವುದಿಲ್ಲ. ವೇಗವಿದ್ದರೆ ಈ ಎರಡು ತೊಂದರೆಗಳಿಗೂ ಒಂದಿಷ್ಟು ಅವಕಾಶ ಕಡಿಮೆ. ಮ್ಯಾಗ್ನಮ್ ಬೇಕೆನ್ನುವವರು ಎರಡು ಇಂಚನ್ನು ಬಿಟ್ಟು ಮೂರು ಇಂಚಿಗೆ ಹೋಗಲಿ. 2019ರಲ್ಲಿ ಮರಳಿ ಬಂದ ಕೋಲ್ಟ್ ಕಿಂಗ್ ಕೋಬ್ರಾ ಮೂರು ಇಂಚಿನದು, ಆರು ಗುಂಡಿನದು, ತೂಕ 28 ಔನ್ಸ್. ಕಿಂಬರ್ ಕೆ6ಎಸ್ ಎರಡೇ ಇಂಚಾದರೂ ಆರು ಗುಂಡು ಹಿಡಿಯುತ್ತದೆ, ತೂಗುವುದು 23 ಔನ್ಸ್. ಜೇಬಿಗೆ 340, ಸೊಂಟಕ್ಕೆ ಕೋಬ್ರಾ. ನಡುವಿನವುಗಳಲ್ಲಿ ಎರಡೂ ಅನುಕೂಲಗಳು ಅರೆಬರೆಯಾಗಿ ಸಿಗುತ್ತವೆ.

ಹಳೇಮೈಸೂರು (ಎಡಿಸನ್, ನ್ಯೂಜೆರ್ಸಿ)

ಟೊಳ್ಳು ತುದಿಯ ಪ್ರಸ್ತಾಪ ಬಂದದ್ದರಿಂದ ನಮ್ಮ ರಾಜ್ಯದ ಸಂಗತಿ ಹೇಳಿಬಿಡುತ್ತೇನೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಬ್ರೂಯೆನ್ ಪ್ರಕರಣದಲ್ಲಿ ತೀರ್ಪು ಕೊಡುವವರೆಗೆ ಇಲ್ಲಿ ಸಾಮಾನ್ಯರಿಗೆ ಒಯ್ಯುವ ಪರವಾನಗಿ ಸಿಗುವುದೇ ದುರ್ಲಭವಾಗಿತ್ತು. ಈಗ ಸಿಗುತ್ತದೆ, ಆದರೆ ಟೊಳ್ಳು ತುದಿಯ ಗುಂಡನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದೇ ಹೊರತು ತುಂಬಿಕೊಂಡು ಬೀದಿಗೆ ಹೋಗುವಂತಿಲ್ಲ. ಹೀಗಾಗಿ ನಾನು 148 ಗ್ರೇನ್‌ನ ವಾಡ್‌ಕಟರ್ ಎಂಬ ಚಪ್ಪಟೆ ಮೂತಿಯ ಗುರಿಯಾಟದ ಗುಂಡನ್ನು ತುಂಬುತ್ತೇನೆ. ಒದೆತ ತೀರ ಸೌಮ್ಯ, ಅರಳುವ ಗೋಜೇ ಇಲ್ಲದ್ದರಿಂದ ಆಳಕ್ಕೂ ಕೊರತೆಯಿಲ್ಲ. ಕಾನೂನು ಬಲವಂತವಾಗಿ ಕಲಿಸಿದ ಈ ಪಾಠವನ್ನು ಟೆಕ್ಸಾಸ್‌ನವರು ಸ್ವಇಚ್ಛೆಯಿಂದಲೇ ಕಲಿಯಬಹುದು. ತುಂಗಾತೀರ ಅವರು ಇತ್ತ ಬಂಧುಗಳ ಮನೆಗೆ ಬರುವುದಾದರೆ ರಿವಾಲ್ವರನ್ನು ಅಲ್ಲೇ ಬಿಟ್ಟು ಬರಬೇಕು, ಹೊರರಾಜ್ಯದ ಯಾವ ಲೈಸೆನ್ಸನ್ನೂ ನ್ಯೂಜೆರ್ಸಿ ಮಾನ್ಯ ಮಾಡುವುದಿಲ್ಲ.

ಸುಮಾ (ಡೆನ್ವರ್)

ಮ್ಯಾಗ್ನಮ್ ಎಂದರೆ .357 ಒಂದೇ ಎಂಬಂತೆ ಮಾತು ಸಾಗುತ್ತಿದೆ. 1984ರಲ್ಲಿ ಬಂದ .32 ಎಚ್ ಅಂಡ್ ಆರ್ ಮ್ಯಾಗ್ನಮ್, 2008ರಲ್ಲಿ ಬಂದ .327 ಫೆಡರಲ್ ಮ್ಯಾಗ್ನಮ್ ಇವೆರಡನ್ನೂ ಮರೆಯುವುದು ಸರಿಯಲ್ಲ. ಗುಂಡು ಸಪೂರವಾಗಿರುವುದರಿಂದ ಐದು ಹಿಡಿಯುತ್ತಿದ್ದ ಅದೇ ಗಾತ್ರದ ಸಿಲಿಂಡರಿನಲ್ಲಿ ಆರು ಕೂರುತ್ತವೆ, ಒದೆತವೂ .357ರಷ್ಟಿರುವುದಿಲ್ಲ. 2024ರಲ್ಲಿ ಸ್ಮಿತ್ ಅಂಡ್ ವೆಸನ್ ಬಿಡುಗಡೆ ಮಾಡಿದ 432 ಮತ್ತು 632 ಅಲ್ಟಿಮೇಟ್ ಕ್ಯಾರಿ ಮಾದರಿಗಳು ಈ .32 ಮ್ಯಾಗ್ನಮ್ಮಿನವೇ. ಕೀಲಿಯಿಂದ ಆಯುಧವನ್ನು ಬಂದ್ ಮಾಡುವ, ಹಲವರು ಗೊಣಗುತ್ತಿದ್ದ ಬೀಗದ ತೂತೂ ಅವುಗಳ ಪಕ್ಕದಲ್ಲಿಲ್ಲ, ಗುರಿ ನೋಡುವ ಕಣ್ಣುಗಳೂ ಸ್ಪಷ್ಟವಾಗಿವೆ.

ನಮ್ಮ ತಂದೆಯವರ ಬಳಿ ಲೈಸೆನ್ಸಿನ ಕಾನ್ಪುರದ .32 ರಿವಾಲ್ವರ್ ಇತ್ತು. ಅದು ಹಾರಿಸುತ್ತಿದ್ದ .32 ಲಾಂಗ್ ತೋಟೆ ನನ್ನ ರೂಗರ್ .327ರಲ್ಲಿಯೂ ಕೂರುತ್ತದೆ, ಅಭ್ಯಾಸಕ್ಕೆ ನಾನು ಹೆಚ್ಚಾಗಿ ಬಳಸುವುದು ಅದನ್ನೇ. ಮಣಿಕಟ್ಟಿಗೆ ಪೆಟ್ಟಾದವರಿಗೆ ಇದಕ್ಕಿಂತ ಹಿತವಾದ ದಾರಿ ನನಗೆ ಕಾಣುವುದಿಲ್ಲ.

ಕೋವಿಮನೆ (ಹ್ಯೂಸ್ಟನ್)

ಸುಮಾ ಅವರ ಮಾತಿನಲ್ಲಿ ಹುರುಳಿದೆ, ಆದರೆ .32 ಮ್ಯಾಗ್ನಮ್ ತೋಟೆ ಪ್ರತಿ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕಲ್ಲಿ .38ಕ್ಕಿಂತ ದುಬಾರಿ. ಹೊಸಬರು ಅಭ್ಯಾಸ ಬಿಡಲು ಒದೆತದಷ್ಟೇ ದೊಡ್ಡ ಕಾರಣ ತೋಟೆಯ ಬೆಲೆ.

ತುಂಗಾತೀರ (ಪ್ಲೇನೋ, ಟೆಕ್ಸಾಸ್)

ಎಲ್ಲರಿಗೂ ಧನ್ಯವಾದಗಳು. ಬಾಡಿಗೆಗೆ ಆಯುಧ ಕೊಡುವ ಇಲ್ಲಿನ ರೇಂಜಿನಲ್ಲಿ ಎಲ್‌ಸಿಆರ್ ಮತ್ತು 640 ಎರಡನ್ನೂ .38 ಪ್ಲಸ್ ಪಿ ಹಾಗೂ ವಾಡ್‌ಕಟರ್ ತುಂಬಿ ಹಾರಿಸಿದೆ. 640ರಲ್ಲಿ ಗುಂಡುಗಳು ಒಟ್ಟಾಗಿ ಬಿದ್ದವು, ಎಲ್‌ಸಿಆರ್‌ನ ಟ್ರಿಗರ್ ಮಾತ್ರ ಅದಕ್ಕಿಂತ ಬಹಳ ನಯವಾಗಿತ್ತು. ಬಿಳಿ ಕೋಟಿನ ಕೆಳಗೆ ಬೆಲ್ಟಿಗೆ ಕಟ್ಟುವವನಾದ್ದರಿಂದ ಬಯಲುಸೀಮೆಯವರ ಜೇಬಿನ ವಾದ ನನಗೆ ಅಷ್ಟಾಗಿ ಅನ್ವಯಿಸುವುದಿಲ್ಲ. 640ಕ್ಕೆ ಮುಂಗಡ ಕೊಟ್ಟಿದ್ದೇನೆ. ಒಂದು ಸಂದೇಹ ಉಳಿದಿದೆ: ನಮ್ಮ ಕನ್ನಡ ಸಂಘದ ರಾಜ್ಯೋತ್ಸವ ಶಾಲೆಯೊಂದರ ಸಭಾಂಗಣದಲ್ಲಿ ನಡೆಯುತ್ತದೆ. ಅಂಗಡಿ ಮುಚ್ಚಿ ನೇರವಾಗಿ ಅಲ್ಲಿಗೆ ಹೋಗುವಾಗ ಏನು ಮಾಡಬೇಕು?

ರೇವತಿ (ಆಸ್ಟಿನ್)

ಲೈಸೆನ್ಸ್ ಇದ್ದರೂ ಟೆಕ್ಸಾಸ್‌ನಲ್ಲಿ ಶಾಲೆಯ ಕಟ್ಟಡದೊಳಕ್ಕೆ ಒಯ್ಯುವಂತಿಲ್ಲ, ಆದ್ದರಿಂದ ಆ ಸಂಜೆ ಅದನ್ನು ಅಂಗಡಿಯ ತಿಜೋರಿಯಲ್ಲೇ ಬಿಟ್ಟು ಹೊರಡಿ. ದೇವಸ್ಥಾನದ ಲೆಕ್ಕ ಬೇರೆ: 2019ರಿಂದ, ಆಡಳಿತದವರು ಬೇಡವೆಂದು ಸೂಚನೆ ಕೊಟ್ಟಿರದಿದ್ದರೆ ಕಾನೂನು ತಡೆಯುವುದಿಲ್ಲ, ಬಾಗಿಲಲ್ಲಿ ಹಾಕಿರುವ ಫಲಕವನ್ನು ಓದಿಕೊಂಡು ಒಳಗೆ ಹೋಗಬೇಕು. ಕಾರಿನಲ್ಲಿ ಬಿಡುವುದನ್ನು ರೂಢಿ ಮಾಡಿಕೊಳ್ಳಬೇಡಿ, ಬಿಡಲೇಬೇಕಾದರೆ ಸೀಟಿನ ಚೌಕಟ್ಟಿಗೆ ಕೇಬಲ್ಲಿನಿಂದ ಬಿಗಿದ ಉಕ್ಕಿನ ಪೆಟ್ಟಿಗೆಯೊಳಗಿಡಿ. ಹೋಲ್‌ಸ್ಟರ್ ಸಹಿತವಾಗಿಯೇ ಬೆಲ್ಟಿನಿಂದ ಕಳಚಿಕೊಳ್ಳುವಂತಹ ಮಾದರಿಯನ್ನು ಕೊಂಡರೆ, ತೆಗೆದಿಡುವಾಗಲೆಲ್ಲ ಟ್ರಿಗರ್ ಮುಚ್ಚಿಕೊಂಡೇ ಇರುತ್ತದೆ. ಇನ್ನು 640ರ ಎಜೆಕ್ಟರ್ ಕಡ್ಡಿ ಗಿಡ್ಡದು, .357ರ ಖಾಲಿ ಕವಚಗಳನ್ನು ಅದು ಪೂರ್ತಿ ಹೊರನೂಕುವುದಿಲ್ಲ; .38ರ ಕವಚಗಳು ಗಿಡ್ಡವಾದ್ದರಿಂದ ಸುಲಭವಾಗಿ ಉದುರುತ್ತವೆ. ಎರಡನೆಯ ಬಾರಿ ತುಂಬುವುದನ್ನು ಅಭ್ಯಾಸ ಮಾಡುವಾಗ ನಳಿಕೆಯನ್ನು ನೇರ ಆಕಾಶಕ್ಕೆ ಎತ್ತಿ ಕಡ್ಡಿಯನ್ನು ಒಮ್ಮೆಲೇ ಬಲವಾಗಿ ಒತ್ತಿ. ಮೆಲ್ಲಗೆ ಒತ್ತಿದರೆ ಒಂದು ಕವಚ ಎಜೆಕ್ಟರಿನ ನಕ್ಷತ್ರದ (ಕವಚಗಳನ್ನು ಎತ್ತುವ ನಕ್ಷತ್ರಾಕಾರದ ತುದಿಯ) ಕೆಳಕ್ಕೆ ನುಸುಳಿ ಕೂತುಬಿಡುತ್ತದೆ.