ಪ್ರಸಂಗ ಪೂರ್ತಿ ಬರೆದುಕೊಳ್ಳಬೇಕಾ, ಚೀಟಿ ಸಾಕಾ?

ಪ್ರಶ್ನೆ: ಎಲ್ಲರಿಗೂ ವಂದನೆ. ಮುಂದಿನ ಭಾನುವಾರ ಚರ್ಚ್ ಸಭೆಯಲ್ಲಿ ನನ್ನ ಎರಡನೇ ಪ್ರಸಂಗ, ಅಂದರೆ ಬೈಬಲ್ ಉಪದೇಶ. ವಾಕ್ಯಭಾಗ ಲೂಕನ ಸುವಾರ್ತೆಯ 15ನೇ ಅಧ್ಯಾಯ, ಯೇಸು ಹೇಳಿದ ತಪ್ಪಿಹೋದ ಮಗನ ಸಾಮ್ಯ (ದೃಷ್ಟಾಂತ ಕಥೆ): ಮನೆ ಬಿಟ್ಟುಹೋದ ಕಿರಿಯ ಮಗ ಮರಳಿದಾಗ ತಂದೆ ಔತಣ ಮಾಡುತ್ತಾನೆ, ಹಿರಿಯ ಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಮೊದಲ ಸಲ ಒಂಬತ್ತು ಪುಟ ಬರೆದುಕೊಂಡು ಹೋಗಿ ಹಾಗೇ ಓದಿದೆ. ನಡುವೆ ತಲೆ ಎತ್ತಿದರೆ ಮುಂದಿನ ಸಾಲಿನ ಅಜ್ಜಿ ಬೈಬಲ್ ಮುಚ್ಚಿ ಮಡಿಲಲ್ಲಿಟ್ಟುಕೊಂಡು ಕಿಟಕಿ ಕಡೆ ನೋಡುತ್ತಿದ್ದರು. ಅದು ಮನಸ್ಸಿನಿಂದ ಹೋಗುತ್ತಿಲ್ಲ. ನೀವೆಲ್ಲ ಹೇಗೆ ತಯಾರಾಗುತ್ತೀರಿ?

ಉತ್ತರ 1: ಬ್ರದರ್, ಬರೆಯುವುದು ತಪ್ಪಲ್ಲ. ಪೂರ್ತಿ ಬರೆಯಿರಿ, ಜೋರಾಗಿ ಓದಿ ನೋಡಿ, ನಾಲಿಗೆ ತಡವರಿಸಿದ ಕಡೆ ವಾಕ್ಯ ಮುರಿಯಿರಿ. ಆಮೇಲೆ ಒಂದೇ ಹಾಳೆಗೆ ಇಳಿಸಿ. ಅದಕ್ಕಿಂತ ಮುಖ್ಯ, ಅಧ್ಯಾಯದ ಮೊದಲ ಎರಡು ವಚನ ಬಿಡಬೇಡಿ. ಸುಂಕದವರೂ ಪಾಪಿಗಳೂ ಯೇಸುವಿನ ಮಾತು ಕೇಳಲು ಹತ್ತಿರ ಬರುತ್ತಿದ್ದರು, ಅದನ್ನು ನೋಡಿ ಫರಿಸಾಯರೂ (ಧರ್ಮನಿಯಮ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಗುಂಪಿನವರು) ಶಾಸ್ತ್ರಿಗಳೂ (ಧರ್ಮಶಾಸ್ತ್ರ ಬೋಧಕರು) ಗೊಣಗುತ್ತಿದ್ದರು. ಕುರಿ, ನಾಣ್ಯ, ಮಗ, ಮೂರೂ ಕಥೆ ಆ ಗೊಣಗಾಟಕ್ಕೆ ಕೊಟ್ಟ ಉತ್ತರ ಅಲ್ವಾ? ಇದು ಹಿಡಿತಕ್ಕೆ ಸಿಕ್ಕರೆ ಹಿರಿಯ ಮಗ ಕಥೆಯಲ್ಲಿ ಯಾಕಿದ್ದಾನೆ ಅಂತ ಜನರಿಗೆ ತಾನಾಗಿ ಗೊತ್ತಾಗುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಟೀಕೆ ಪುಸ್ತಕಗಳನ್ನು, ಅಂದರೆ ಬೈಬಲ್ ವ್ಯಾಖ್ಯಾನಗಳನ್ನು, ಕೊನೆಗೆ ತೆರೆಯಿರಿ. ಮೊದಲು ವಾಕ್ಯವನ್ನೇ ಹತ್ತು ಸಲ ಓದಿ, ಪ್ರಾರ್ಥಿಸಿ. ಮತ್ತೆ, ಓದಿದ್ದೆಲ್ಲ ಹೇಳಲು ಹೋಗಬೇಡಿ, ಸುಮ್ನೆ ಜಾಸ್ತಿ ಆಗುತ್ತದೆ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ ಆಯಿತು. ಮುಗಿಸುವುದು ಹೇಗೆ?

ಉತ್ತರ 1: ಹಿರಿಯ ಮಗ ಒಳಗೆ ಹೋದನಾ ಇಲ್ಲವಾ ಅಂತ ಲೂಕನು ಬರೆದಿಲ್ಲ. ತಂದೆ ಅಂಗಳದಲ್ಲಿ ನಿಂತು ಬೇಡಿಕೊಳ್ಳುತ್ತಿದ್ದಾನೆ. ನೀವೂ ಅಲ್ಲೇ ನಿಲ್ಲಿಸಿ, ಪ್ರಾರ್ಥನೆಗೆ ಕರೆಯಿರಿ.