ಪದಚರ್ಚೆ: ಗಿಟಾರಿನ 'ನಟ್', 'ಗುಂಡಿ', 'ಸಡಿಲಿಸು'

ಪ್ರಶ್ನೆ:
ಎಲೆಕ್ಟ್ರಿಕ್ ಗಿಟಾರನ್ನು ತಿಂಗಳುಗಟ್ಟಲೆ ಪೆಟ್ಟಿಗೆಯಲ್ಲಿ ಇಡುವುದು, ಅದಕ್ಕೆ ತಕ್ಕಂತೆ ಬಿಡಿಭಾಗ ಬದಲಿಸುವುದು ಹೇಗೆಂಬ ಕೈಪಿಡಿ ಕನ್ನಡದಲ್ಲಿ ತಯಾರಾಗುತ್ತಿದೆ. ಮೂರು ಪದಗಳಲ್ಲಿ ತೊಡಕು. 'ನಟ್ ಬಿಗಿ ಮಾಡಿ' ಎಂದಷ್ಟೇ ಬರೆದರೆ ಸಾಕೇ? 'ತಂತಿ ಸಡಿಲಿಸಿ' ಸರಿಯೇ? ಹೆಗಲಪಟ್ಟಿ ಸಿಕ್ಕಿಸುವ ಸ್ಟ್ರಾಪ್ ಬಟನ್‌ಗೆ 'ಗುಂಡಿ' ಅನ್ನಬಹುದೇ? ಬಲ್ಲವರು ತಿಳಿಸಿ.

ಉತ್ತರ:
ಬರೀ 'ನಟ್' ಎಂದು ಬರೆಯಲೇಬೇಡಿ. ಗಿಟಾರಿನಲ್ಲಿ ಆ ಹೆಸರಿನ ಭಾಗಗಳು ಹಲವು. ದಂಡಿಯ (ನೆಕ್) ತುದಿಯಲ್ಲಿ ಆರು ತಂತಿಗಳೂ ಗೀರುಗಳಲ್ಲಿ ಕೂರುವ ಸಣ್ಣ ಪಟ್ಟಿ ಒಂದು. ವೀಣೆಯವರ ಬಾಯಲ್ಲಿ ಅದು ಮೇರು. ಕೇಬಲ್ ಚುಚ್ಚುವ ಜ್ಯಾಕ್‌ನ ಹೊರಗಿರುವ ಆರುಮೂಲೆಯದು ಇನ್ನೊಂದು. ದಂಡಿ ಬಾಗದಂತೆ ಅದರೊಳಗೆ ಹುದುಗಿಸಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್‌ನದು ಮತ್ತೊಂದು. ಸಡಿಲವಾಗಿ ಬಿಗಿ ಮಾಡಬೇಕಾಗುವುದು ಸಾಮಾನ್ಯವಾಗಿ ಜ್ಯಾಕ್‌ನದು. ಗೊತ್ತಿಲ್ಲದವರು ಟ್ರಸ್ ರಾಡ್‌ಗೆ ಕೀಲಿ ಹಾಕಿ ತಿರುಗುವಷ್ಟೂ ತಿರುಗಿಸಿದರೆ ದಂಡಿ ಹಿಂದಕ್ಕೆ ಬಾಗುತ್ತದೆ, ಇಲ್ಲವೇ ತಿರುಪಿನ ಸುರುಳಿಗೀರು ಸವೆದು ರಾಡೇ ಕೆಡುತ್ತದೆ. ಅಲ್ಲಿ ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಕೂಡದು. ಆದ್ದರಿಂದ ಮೇರು, ಜ್ಯಾಕ್ ನಟ್, ಟ್ರಸ್ ರಾಡ್ ನಟ್ ಎಂದು ಪ್ರತಿ ಸಲವೂ ಬಿಡಿಸಿ ಬರೆಯಿರಿ. ಜ್ಯಾಕ್ ನಟ್ ಬಿಗಿ ಮಾಡುವಾಗ ಒಳಗಿನ ಜ್ಯಾಕನ್ನು ಕೈಯಲ್ಲಿ ಹಿಡಿದುಕೊಳ್ಳಬೇಕೆಂದೂ ಸೇರಿಸಿ. ಹಿಡಿಯದಿದ್ದರೆ ಜ್ಯಾಕೇ ಸುತ್ತಿ, ವೈರ್ ತಿರುಚಿಕೊಂಡು ಬೆಸುಗೆ ಬಿಡುತ್ತದೆ.

'ಸಡಿಲಿಸಿ' ಎಂದರೆ ಓದುವವರು ತಂತಿ ಜೋಲುವ ತನಕ ಬಿರಡೆ ತಿರುಗಿಸುತ್ತಾರೆ. 10–46 ಗೇಜಿನ (ಇಂಚಿನ ಸಾವಿರದ ಭಾಗಗಳಲ್ಲಿ ತಂತಿಯ ದಪ್ಪ) ಆರು ತಂತಿಗಳು ಮಾಮೂಲಿ ಶ್ರುತಿಯಲ್ಲಿ ದಂಡಿಯನ್ನು ಒಟ್ಟು ಸುಮಾರು 45 ಕೆ.ಜಿ. ಬಲದಿಂದ ಎಳೆಯುತ್ತವೆ, ಟ್ರಸ್ ರಾಡ್ ಆ ಎಳೆತಕ್ಕೆ ಎದುರಾಗಿ ನಿಂತಿದೆ. ಒಂದು ಕಡೆಯ ಎಳೆತ ಪೂರ್ತಿ ಹೋದರೆ ಇನ್ನೊಂದು ಗೆಲ್ಲುತ್ತದೆ. ವಾದ್ಯದವರು ಆಡುವ ಮಾತು 'ಶ್ರುತಿ ಇಳಿಸು'. 'ಅರ್ಧ ಅಥವಾ ಒಂದು ಸ್ವರ ಶ್ರುತಿ ಇಳಿಸಿ' ಎಂದು ಬರೆದರೆ ಅಳತೆಯೂ ಸಿಗುತ್ತದೆ. ತೇಲುವ ಕುದುರೆಯ (ತಂತಿಗಳ ಬುಡದ ಆಸರೆ ಸ್ಪ್ರಿಂಗ್‌ಗಳ ಮೇಲೆ ಅಲುಗುವಂತಿರುವ) ಗಿಟಾರಿಗೆ ಇದೂ ಬೇಡ: ತಂತಿಯ ಎಳೆತ ತಗ್ಗಿದರೆ ಹಿಂಬದಿಯ ಸ್ಪ್ರಿಂಗ್‌ಗಳು ಕುದುರೆಯನ್ನು ಮೈಯೊಳಕ್ಕೆ ಎಳೆದುಕೊಳ್ಳುತ್ತವೆ. ಅದನ್ನು ಶ್ರುತಿಯಲ್ಲೇ ಇಟ್ಟು, ಕುದುರೆಯನ್ನು ಅಲುಗಿಸುವ ಟ್ರೆಮೊಲೊ ಕಡ್ಡಿಯನ್ನು ಮಾತ್ರ ಕಳಚಿ ಪೆಟ್ಟಿಗೆಯ ಚಿಕ್ಕ ಖಾನೆಗೆ ಹಾಕಲಿ.

'ಗುಂಡಿ' ಬೇಡ. ಅಂಗಿಗೆ ಅದು ಚೆಂದ, ಇಲ್ಲಿ ತೂತಿನ ಮಾತೂ ಬರುವುದರಿಂದ 'ಗುಂಡಿ ತುಂಬಿ' ಎಂಬ ಸಾಲು ಓದುಗರನ್ನು ಗೊಂದಲಕ್ಕೆ ಕೆಡವುತ್ತದೆ. ಎಲ್ಲರೂ ಅನ್ನುವ ಸ್ಟ್ರಾಪ್ ಬಟನ್ನೇ ಇರಲಿ. ಬುಡದ ಬಟನ್ ಪೆಟ್ಟಿಗೆಯ ಗೋಡೆಗೆ ಒತ್ತುತ್ತಿದ್ದರೆ ಗಿಡ್ಡ ತಲೆಯದನ್ನು ಹಾಕಬಹುದು. ಹಳೆಯ ತೂತು ಸಡಿಲವಾಗಿದ್ದರೆ ಗಟ್ಟಿಮರದ ಸಿಬಿರುಗಳಿಗೆ ಮರದ ಅಂಟು ಸವರಿ ತುಂಬಬೇಕು, ಒಂದು ದಿನ ಒಣಗಲು ಬಿಡಬೇಕು. ಆಮೇಲೆ ಹೊರಗೆ ಚಾಚಿದ್ದನ್ನು ಮಟ್ಟವಾಗಿ ಕತ್ತರಿಸಿ, 3.5 ಮಿ.ಮೀ. ಸ್ಕ್ರೂ ಆದರೆ ಸುಮಾರು 2.5 ಮಿ.ಮೀ. ಬಿಟ್‌ನಿಂದ ತೂತು ಕೊರೆಯಬೇಕು. ಬಿಟ್‌ಗೆ ಸ್ಕ್ರೂವಿನ ಉದ್ದಕ್ಕೆ ಟೇಪ್ ಸುತ್ತಿಕೊಂಡರೆ ಆಳ ತಪ್ಪುವುದಿಲ್ಲ. ಸ್ಕ್ರೂವಿನ ಸುರುಳಿಗೀರಿಗೆ ಚೂರು ಮೇಣ ಹಚ್ಚಿ. ತೂತಿಲ್ಲದೆ ನೇರವಾಗಿ ತಿರುಗಿಸಿದರೆ ಮರ ಸೀಳುತ್ತದೆ, ಅಂಚಿನ ಮೆರುಗು ಚಕ್ಕೆ ಏಳುತ್ತದೆ.

ಇನ್ನೊಂದು ಉತ್ತರ:
ಮೇಲಿನದಕ್ಕೆ ನನ್ನ ಸಮ್ಮತಿಯಿದೆ. ಕೈಪಿಡಿಯಲ್ಲಿ 'ಬಣ್ಣ' ಎಂಬ ಪದವೂ ಬಂದೀತು, ಅದನ್ನೂ ನೋಡಿಕೊಳ್ಳಿ. ಸ್ಟ್ಯಾಂಡಿನ ರಬ್ಬರ್ ತಾಗಿ ಕೆಡುವುದು ಬಣ್ಣವಲ್ಲ, ಅದರ ಮೇಲಿನ ಮೆರುಗೆಣ್ಣೆಯ ಪದರ. ಅದರಲ್ಲೂ ನೈಟ್ರೋಸೆಲ್ಯುಲೋಸ್ ಪದರ. ರಬ್ಬರಿನ ಕೆಲವು ರಾಸಾಯನಿಕಗಳು ಅದನ್ನು ಮೆತ್ತಗಾಗಿಸಿ, ಒರೆಸಿದರೂ ಹೋಗದ ಕಲೆ ಬಿಡುತ್ತವೆ. ಪಾಲಿಯುರೆಥೇನ್ ಲೇಪವಿದ್ದರೆ ಈ ಭಯ ಕಡಿಮೆ. ಆದ್ದರಿಂದ 'ಮೆರುಗೆಣ್ಣೆ ಯಾವುದೆಂದು ತಿಳಿಯದಿದ್ದರೆ ರಬ್ಬರಿಗೂ ಗಿಟಾರಿಗೂ ನಡುವೆ ಹತ್ತಿಬಟ್ಟೆ ಇರಲಿ' ಎಂದು ಬರೆಯಬಹುದು. 'ಒಣ ಜಾಗದಲ್ಲಿಡಿ' ಅನ್ನುವುದಕ್ಕಿಂತ 'ಗಾಳಿಯ ತೇವಾಂಶ 45ರಿಂದ 55 ಶೇಕಡಾ ಇರಲಿ' ಎನ್ನಿ. ತೀರಾ ಒಣಗಿದರೆ ದಂಡಿಯ ಮರ ಕುಗ್ಗಿ, ಮೆಟ್ಟಿನ (ಫ್ರೆಟ್) ತುದಿಗಳು ಅಂಚಿನಿಂದ ಹೊರಚಾಚಿ ಕೈಗೆ ಗೀರುತ್ತವೆ.