ಅಪ್‌ಡೇಟ್: ಒಂದೇ ಸೆಟ್ ರಿಮ್, ಎರಡು ಸೆಟ್ ಟೈರ್

ಚಳಿಗಾಲದ ಟೈರ್, ಬೇಸಿಗೆ ಟೈರ್ ಎರಡನ್ನೂ ಒಂದೇ ರಿಮ್‌ಗೆ ವರ್ಷಕ್ಕೆರಡು ಸಲ ಬದಲಾಯಿಸಿದರೆ ಟೈರ್ ಹಾಳಾಗುತ್ತದಾ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಈ ಸಲ ಪಕ್ಕದಲ್ಲೇ ನಿಂತು ನೋಡಿದೆ. ರಿಮ್‌ಗೆ ಕಚ್ಚಿ ಕೂರುವ ಟೈರಿನ ಒಳಅಂಚೇ ಬೀಡ್. ಮೆಕ್ಯಾನಿಕ್ ಅದಕ್ಕೆ ಪೇಸ್ಟ್ ಚೆನ್ನಾಗಿ ಸವರಿದರು. ವಾಲ್ವ್ ಹತ್ತಿರದ ಗಾಳಿ ಸೆನ್ಸರ್‌ಗೆ ತಗುಲದ ಹಾಗೆ ನಿಧಾನವಾಗಿ ಎಬ್ಬಿಸಿದರು. ಹೀಗೆ ಮಾಡಿದರೆ ಭಯವಿಲ್ಲ. ಅವಸರದಲ್ಲಿ ಎಳೆದರೆ ಬೀಡ್ ಹರಿಯಬಹುದು. ಆಮೇಲೆ ನಾಲ್ಕೂ ಚಕ್ರಕ್ಕೆ ಬ್ಯಾಲೆನ್ಸಿಂಗ್ ಮಾಡಿಸಲೇಬೇಕು.

ಆದರೂ ಇನ್ನೊಂದು ಸೆಟ್ ಸ್ಟೀಲ್ ರಿಮ್ ತೆಗೆದುಕೊಳ್ಳುತ್ತಿದ್ದೇನೆ. ಪ್ರತಿ ಸಲದ ಕೂಲಿ ಉಳಿಯುತ್ತದೆ. ಅದಕ್ಕಿಂತ ಜಾಸ್ತಿ ಖುಷಿ ಏನಂದರೆ, ಚಳಿ 7 ಡಿಗ್ರಿಗಿಂತ ಕೆಳಗೆ ಇಳಿಯತೊಡಗಿದಾಗ ಸರದಿಗೆ ಕಾಯದೆ ಮನೆಯಲ್ಲೇ ಚಕ್ರ ಬದಲಾಯಿಸಬಹುದು. ಸುಮಾರು 50 ಕಿಲೋಮೀಟರ್ ಓಡಿಸಿ ನಟ್‌ಗಳನ್ನು ಮತ್ತೆ ಟಾರ್ಕ್ ವ್ರೆಂಚ್‌ನಲ್ಲಿ ನೋಡಿಬಿಡಿ.